ಇಸ್ತ್ರಿ ಪೆಟ್ಟಿಗೆ ಎಂಬ ಜೋಡಿ

ನಮ್ಮ ದೊಡ್ಡತ್ತಿಗೆಯ ಮುಖ ಕಂಡವರು ಈ ಊರಿನಲ್ಲಿ ಕಡಿಮೆ, ಧ್ವನಿ ಕೇಳದವರು ಇಲ್ಲವೇ ಇಲ್ಲ. ಇಪ್ಪತ್ತೆರಡು ವರ್ಷ ಅವಳು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ಎಷ್ಟು ತಡ ಎಂದು ಹೇಳಿದವಳು. ಬಸ್ಸು ತಡವಾಗಲಿ, ದಾರಿಯಲ್ಲಿ ಕೆಟ್ಟು ನಿಲ್ಲಲಿ, ಬರುವುದೇ ಇಲ್ಲವೆಂದಾಗಲಿ, ಅವಳ ಧ್ವನಿ ಗುಲಗಂಜಿಯಷ್ಟೂ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮದುವೆಗೆ ಮುಂಚೆ ನನ್ನ ದೊಡ್ಡಣ್ಣ ಧೈರ್ಯ ಮಾಡಿ "ನೀನಂದ್ರೆ ನಂಗಿಷ್ಟ" ಎಂದಾಗ ಅದೇ ಧ್ವನಿಯಲ್ಲಿ "ಗಮನಿಸಲಾಗಿದೆ" ಎಂದಳಂತೆ. ಅಣ್ಣ ಕನ್ನಡಕದ ಅಂಗಡಿಯವನು, ಸುಳ್ಳು ಕಟ್ಟುವಷ್ಟು ಕಲ್ಪನೆ ಅವನಿಗಿಲ್ಲ. ಆದ್ದರಿಂದ ನಂಬಿದ್ದೇನೆ.

ಇಂಥವಳು ನಲವತ್ತು ದಾಟಿದ ಮೇಲೆ, ಕಂಪ್ಯೂಟರಿನ ತಾಳಕ್ಕೆ ಹಾಡುವ, ಹುಡುಗ ಹುಡುಗಿಯರು ಕುಣಿಯುವ ಒಂದು ಜೋಡಿಯ ಅರ್ಧ ಭಾಗವಾದಳು. ಉಳಿದರ್ಧ ನಮ್ಮ ಚಿಕ್ಕತ್ತಿಗೆ, ಅಂದರೆ ಇವಳ ವಾರಗಿತ್ತಿ. ಇಬ್ಬರೂ ಸೇರಿ ಹನ್ನೊಂದು ಹಾಡು ಮಾಡಿದರು. ಆ ಹನ್ನೊಂದು ಹಾಡು ಮುಗಿಯುವವರೆಗೂ ಇಬ್ಬರ ನಡುವೆ ಮಾತಿರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನಾನು ನಡೆದದ್ದನ್ನು ಹೇಳುತ್ತೇನೆ.

ನಾನು ಈ ಮನೆಯ ನಾದಿನಿ. ನಾದಿನಿಗೆ ಎಲ್ಲೂ ಒಳ್ಳೆಯ ಹೆಸರಿಲ್ಲ ಎಂಬುದು ಗೊತ್ತು, ಆ ಹೆಸರನ್ನು ಸುಳ್ಳು ಮಾಡುವ ಕಷ್ಟವನ್ನೂ ನಾನು ತೆಗೆದುಕೊಂಡಿಲ್ಲ. ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಕಂಡವರ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುವ ಜಾಗ ಸಿಕ್ಕಿದ್ದು ನನ್ನ ಪುಣ್ಯ. ಮದುವೆಯ ಗೋಜಿಗೆ ಹೋಗದೆ ಇಬ್ಬರು ಅಣ್ಣಂದಿರ ಜೊತೆ ಇದೇ ಮನೆಯಲ್ಲಿ ಉಳಿದೆ. ಉಳಿದದ್ದಕ್ಕೆ ಸಿಕ್ಕ ಬಹುಮಾನವೇ ಈ ಕಥೆ.

ಚಿಕ್ಕತ್ತಿಗೆ ಬಂದದ್ದು ಆರು ವರ್ಷದ ಹಿಂದೆ. ಚಿಕ್ಕಣ್ಣ ಕಾರು ಓಡಿಸುವುದನ್ನು ಕಲಿಸುವವನು. ಅವಳು ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಮೊಬೈಲು ರಿಪೇರಿ ಮಾಡುವವಳು, ಅಪ್ಪನಿಂದ ಬಂದ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲಿ ನಿಲ್ಲಬೇಕಾದಷ್ಟು ಚಿಕ್ಕದು. ಕೆಟ್ಟದ್ದು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಂದ ಮೊದಲ ತಿಂಗಳಲ್ಲೇ ಕರೆಗಂಟೆ ಸರಿಮಾಡಿದಳು, ಕೀರಲು ಫ್ಯಾನು ಸರಿಮಾಡಿದಳು, ಬಾಗಿಲಿನ ಚಿಲಕ ಸರಿಮಾಡಿದಳು. ನಾವೆಲ್ಲ ಭೇಷ್ ಎಂದೆವು. ಹೊಗಳಿಕೆ ತಲೆಗೇರಿತೋ ಏನೋ, ಒಂದು ಸಂಜೆ ಸ್ಟೂಲು ಹತ್ತಿ ನಡುಮನೆಯ ಗೋಡೆ ಗಡಿಯಾರವನ್ನೂ ಸರಿಮಾಡಿದಳು. ಅದು ಹತ್ತು ನಿಮಿಷ ಮುಂದಿತ್ತು.

ಅದು ಕೆಟ್ಟು ಮುಂದೆ ಹೋದದ್ದಲ್ಲ. ದೊಡ್ಡತ್ತಿಗೆ ಈ ಮನೆಗೆ ಬಂದ ದಿನದಿಂದ ಬೇಕೆಂದೇ ಹಾಗಿಟ್ಟಿದ್ದಳು, ಬೆಳಗಿನ ಪಾಳಿಗೆ ತಡವಾಗಬಾರದೆಂದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದರಿಂದ ಹೊಸಬಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡತ್ತಿಗೆ ಗಡಿಯಾರ ನೋಡಿ, ಇನ್ನೂ ಸಮಯವಿದೆಯೆಂದು ನಿಧಾನವಾಗಿ ಹೊರಟಳು. ತಡವಾದ ಬಸ್ಸುಗಳ ಲೆಕ್ಕ ಊರಿಗೆಲ್ಲ ಒಪ್ಪಿಸುವವಳು ತಾನೇ ತಡವಾಗಿ ಹೋಗಿ ನಿಂತಳು. ಹಾಜರಿ ಪುಸ್ತಕದಲ್ಲಿ ಹದಿನಾರು ವರ್ಷದಲ್ಲಿ ಮೊದಲ ಸಲ ಅವಳ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು.

ಸಂಜೆ ಮನೆಗೆ ಬಂದು ಚೀಲ ಇಟ್ಟು ಕೇಳಿದಳು. "ಗಡಿಯಾರ ಯಾರು ಮುಟ್ಟಿದ್ದು?"

"ನಾನೇ ಅಕ್ಕ. ಹತ್ತು ನಿಮಿಷ ಮುಂದಿತ್ತು, ಸರಿ ಮಾಡ್ದೆ."

"ಸರಿಯಾಗಿದ್ದಿದ್ದನ್ನ ಯಾರಾದ್ರೂ ಸರಿ ಮಾಡ್ತಾರಾ?"

"ತಪ್ಪು ಟೈಮ್ ತೋರ್ಸೋ ಗಡಿಯಾರ ಸರಿಯಾಗಿದೆ ಅಂತೀರಲ್ಲ," ಎಂದು ಚಿಕ್ಕತ್ತಿಗೆ ನಕ್ಕುಬಿಟ್ಟಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡತ್ತಿಗೆ ಸ್ಟೂಲು ಎಳೆದು, ಹತ್ತಿ, ಮುಳ್ಳನ್ನು ಹತ್ತು ನಿಮಿಷ ಮುಂದೆ ತಿರುಗಿಸಿ, ಇಳಿದು, ಅಡುಗೆಮನೆಗೆ ಹೋದಳು. ಅಲ್ಲಿಗೆ ಮಾತು ಬಿಟ್ಟಳು. ಇವಳೂ ಕಡಿಮೆಯಿಲ್ಲ, ತಾನು ತಪ್ಪು ಮಾಡಿಲ್ಲವೆಂದು ತಾನೂ ಬಿಟ್ಟಳು.

ಒಂದು ವರ್ಷ ನಾನು ಇಬ್ಬರಿಗೂ ಅಂಚೆಯವಳಾದೆ. ಮೂರು ಅಡಿ ದೂರದಲ್ಲಿ ನಿಂತಿರುವವರ ನಡುವೆ ಮಾತು ಸಾಗಿಸುವ ಕೆಲಸ ಎಂಥದ್ದೆಂದು ಮಾಡಿದವರಿಗೇ ಗೊತ್ತು. "ನಲ್ಲಿ ತೊಟ್ಟಿಕ್ತಿದೆ ಅಂತ ಅವಳಿಗೆ ಹೇಳು" ಎಂದು ಇವಳು. "ಕೇಳಿಸ್ತು ಅಂತ ಹೇಳು" ಎಂದು ಅವಳು. ಅಣ್ಣಂದಿರಿಬ್ಬರೂ ಕೋಲೆ ಬಸವನ ಹಾಗೆ ಎರಡೂ ಕಡೆಗೆ ತಲೆಯಾಡಿಸಿ ಪಾರಾದರು. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಕೊನೆಗೊಂದು ದಿನ ಕರಡು ತಿದ್ದುವ ಕೆಂಪು ಪೆನ್ನು ಮೇಜಿನ ಮೇಲೆ ಕುಕ್ಕಿ, "ಇನ್ನು ನನ್ ಕೈಲಾಗಲ್ಲ. ಗೋಡೆಗಾದ್ರೂ ಹೇಳ್ಕೊಳ್ಳಿ, ಕಂಬಕ್ಕಾದ್ರೂ ಹೇಳ್ಕೊಳ್ಳಿ," ಎಂದು ರಾಜೀನಾಮೆ ಕೊಟ್ಟೆ. ದೊಡ್ಡತ್ತಿಗೆ ಗೋಡೆ, ಕಂಬ ಎರಡನ್ನೂ ಬಿಟ್ಟು ಮೈಕನ್ನು ಹಿಡಿದಳು.

ಮೈಕು ಎಲ್ಲಿಂದ ಬಂತೆಂದರೆ, ಚಿಕ್ಕತ್ತಿಗೆಯ ಅಂಗಡಿಯಲ್ಲಿ ಗಿರಾಕಿಗಳು ರಿಪೇರಿಗೆ ಕೊಟ್ಟು ಮರೆತುಹೋದ ಸಾಮಾನಿನ ಒಂದು ಕಪಾಟು ಇತ್ತು. ಅದರಲ್ಲಿ ಒಂದು ಮೈಕು, ಒಂದು ಕೀಬೋರ್ಡು. ಕೀಬೋರ್ಡು ಹಾರ್ಮೋನಿಯಮ್ಮಿನಷ್ಟು ಉದ್ದ, ಒಂದು ಸ್ವರದ ಮನೆ ಒತ್ತಿದರೆ ಪಕ್ಕದ್ದೂ ಕೂಡಿ ಕೂಗುವಂಥದ್ದು. ವರ್ಷಗಟ್ಟಲೆ ಯಾರೂ ಬರದೇಹೋದಾಗ ಅವಳು ಎರಡನ್ನೂ ಮನೆಗೆ ತಂದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿಟ್ಟಳು. ನಾಲ್ಕು ಸತ್ತ ಕಂಪ್ಯೂಟರುಗಳಿಂದ ಒಂದು ಬದುಕಿದ ಕಂಪ್ಯೂಟರು ಮಾಡಿಕೊಂಡಳು. ಸಂಜೆ ಅಂಗಡಿ ಮುಚ್ಚಿ ಬಂದು, ಏಣಿ, ಪೊರಕೆ, ಸುತ್ತಿಟ್ಟ ಹಾಸಿಗೆಗಳ ನಡುವೆ ಕೂತು, ಮಿಕ್ಸಿಯ ಸದ್ದು, ಬೆಸುಗೆ ಹಾಕುವಾಗಿನ ಚುರ್ ಸದ್ದು ಎಲ್ಲವನ್ನೂ ಸೇರಿಸಿ ತಾಳ ಕಟ್ಟುತ್ತಿದ್ದಳು. ಯಾರಿಗೂ ಕೇಳಿಸಬೇಕೆಂದಲ್ಲ. ಅವಳ ಚಟ ಅದು.

ಅದೇ ಕೋಣೆಯಲ್ಲಿ ದೊಡ್ಡತ್ತಿಗೆಯ ಇಸ್ತ್ರಿ ಪೆಟ್ಟಿಗೆಯೂ ಇತ್ತು. ಒಂದು ಬೆಳಿಗ್ಗೆ ಪಾಳಿಗೆ ಹೊರಡುವ ಮುಂಚೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ಹೋದರೆ ಪೆಟ್ಟಿಗೆಯ ಪ್ಲಗ್ಗು ಕಿತ್ತು ಮೂಲೆಗೆ ಬಿದ್ದಿದೆ, ಅದರ ಜಾಗದಲ್ಲಿ ಕಂಪ್ಯೂಟರು ಹಿಂದಿನ ಸಂಜೆಯಿಂದ ಆಡುತ್ತಲೇ ಇದೆ, ಮುಂದೆ ಮೈಕು ನಿಂತಿದೆ, ಕೆಂಪು ದೀಪ ಉರಿಯುತ್ತಿದೆ. ಅಂಚೆಯವಳು ರಾಜೀನಾಮೆ ಕೊಟ್ಟಿದ್ದಾಳೆ. ಹದಿನೇಳು ವರ್ಷ ಮೈಕಿನ ಮುಂದೆ ಕೂತವಳು ಉರಿಯುವ ಕೆಂಪು ದೀಪದ ಮುಂದೆ ಬಾಯಿ ಮುಚ್ಚಿ ನಿಲ್ಲುವುದುಂಟೇ. ಗಂಟಲು ಸರಿಮಾಡಿಕೊಂಡು ಹೇಳಿದಳು:

"ಗಮನಕ್ಕೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಯಂತ್ರ ಬಳಸಿದವರು ಅದನ್ನು ಆಫ್ ಮಾಡಿ ಹೋಗತಕ್ಕದ್ದು. ಇಸ್ತ್ರಿ ಪೆಟ್ಟಿಗೆಯ ಜಾಗ ಇಸ್ತ್ರಿ ಪೆಟ್ಟಿಗೆಯದು."

ನಿಲ್ದಾಣದ ವಾಡಿಕೆಯಂತೆ ಮೂರು ಸಲ ಹೇಳಿ, ಇಸ್ತ್ರಿ ಹಾಕಿಕೊಂಡು ಕೆಲಸಕ್ಕೆ ಹೋದಳು.

ಸಂಜೆ ಚಿಕ್ಕತ್ತಿಗೆ ಅದನ್ನು ಕೇಳಿದಳು. ಮೊದಲು ಅವಳಿಗೆ ಸಿಟ್ಟು ಬಂತಂತೆ. ಇನ್ನೊಂದು ಸಲ ಕೇಳಿದಾಗ ಸಿಟ್ಟಿನ ಜಾಗದಲ್ಲಿ ಬೇರೇನೋ ಬಂತು. ಅವಳ ತಾಳಕ್ಕೆ ಅಷ್ಟು ದಿನ ಏನೋ ಕಡಿಮೆಯಿತ್ತು, ಅದು ಈ ಚಪ್ಪಟೆ ಧ್ವನಿಯೇ ಎಂದು ಗೊತ್ತಾಯಿತು. ಅದೇ ವಾರದಲ್ಲಿ "ಆಫ್ ಮಾಡಿ ಹೋಗತಕ್ಕದ್ದು" ಎಂಬ ಪಲ್ಲವಿಯ ಹಾಡು ತಯಾರಾಯಿತು. ಇಂಟರ್‌ನೆಟ್ಟಿಗೆ ಏರಿಸುವಾಗ ಜೋಡಿಯ ಹೆಸರೇನೆಂದು ಕೇಳಿತಂತೆ. ಅವಳು ಸುತ್ತ ನೋಡಿ, ಕಂಡದ್ದನ್ನು ಬರೆದಳು: ಇಸ್ತ್ರಿ ಪೆಟ್ಟಿಗೆ.

ಮೊದಲ ತಿಂಗಳು ಹಾಡು ಹದಿನಾಲ್ಕು ಸಲ ಓಡಿತು, ಅದರಲ್ಲಿ ಒಂಬತ್ತು ಸಲ ಕೇಳಿದ್ದು ಚಿಕ್ಕಣ್ಣನೇ. ಆಮೇಲೆ ಯಾವುದೋ ಕಾಲೇಜಿನ ರೇಡಿಯೊದವರು ಹಾಕಿದರು, ಯಾವುದೋ ವ್ಯಾಯಾಮದ ತರಗತಿಯವರು ಅದಕ್ಕೆ ಜಿಗಿದರು, ಹಬ್ಬಿತು. ಕೇಳಿದವರೆಲ್ಲ ಅದನ್ನು ಮುರಿದ ಪ್ರೀತಿಯ ಹಾಡು ಎಂದುಕೊಂಡರು. "ಬಿಟ್ಟು ಹೋಗುವವಳೇ, ನನ್ನೆದೆಯ ಯಂತ್ರವನ್ನು ಆಫ್ ಮಾಡಿ ಹೋಗು ಅಂತಾಳಲ್ಲ, ಅಳು ಬಂತು" ಎಂದು ಯಾರೋ ಬರೆದಿದ್ದರು. ನಾನು ಅದನ್ನು ಓದಿ ಅಡುಗೆಮನೆಗೆ ಹೋಗಿ ನಕ್ಕು ಬಂದೆ.

ದೊಡ್ಡತ್ತಿಗೆಗೆ ವಿಷಯ ಗೊತ್ತಾದದ್ದು ನಿಲ್ದಾಣದಲ್ಲಿ. ಗಾಜಿನ ಗೂಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಇವಳ ದೂರನ್ನೇ ಗುನುಗುತ್ತಿದ್ದಳಂತೆ. ಮನೆಗೆ ಬಂದಾಗ ಮುಖ ಬಿಗಿದಿತ್ತು. ಇವತ್ತು ಮನೆ ಎರಡಾಗುತ್ತದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಮೈಕಿನಲ್ಲಿ ಹೊಸ ಪ್ರಕಟಣೆ ಇತ್ತು: "ಗಮನಕ್ಕೆ. ಹಾಡಿನ ಎರಡನೇ ಭಾಗದಲ್ಲಿ ಧ್ವನಿಯನ್ನು ಸಣ್ಣದು ಮಾಡಲಾಗಿದೆ. ಇದನ್ನು ಸರಿಪಡಿಸತಕ್ಕದ್ದು. ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಬಾರದು." ಮೊದಲ ವಾಕ್ಯಗಳು ಕಲಾವಿದೆಯವು, ಕೊನೆಯದು ವಾರಗಿತ್ತಿಯದು. ಚಿಕ್ಕತ್ತಿಗೆ ಮೊದಲಿನದನ್ನು ಪಾಲಿಸಿ, ಕೊನೆಯದನ್ನು ಎರಡನೇ ಹಾಡು ಮಾಡಿದಳು.

ಅಲ್ಲಿಂದ ಇದೇ ಪದ್ಧತಿಯಾಯಿತು. ಬೆಳಿಗ್ಗೆ ಒಬ್ಬಳ ದೂರು, ಸಂಜೆ ಇನ್ನೊಬ್ಬಳ ತಾಳ. ಚಿಕ್ಕತ್ತಿಗೆಯೂ ತನ್ನ ದೂರುಗಳನ್ನು ಹಾಡುತ್ತಿದ್ದಳು, ಧ್ವನಿಯನ್ನು ಗುಂಡಿ ತಿರುಗಿಸಿ ಡಬ್ಬದೊಳಗಿನಿಂದ ಬಂದಂತೆ ಮಾಡಿಕೊಂಡು. ನೇರ ಧ್ವನಿಯಲ್ಲಿ ಹಾಡಿದರೆ ಮಾತಾಡಿದಂತಾಗುತ್ತದಲ್ಲ. ಮೈಕಿಗೆ ಹೇಳಿದ್ದು ಮಾತಲ್ಲ ಎಂಬುದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡ ಕಾನೂನು. ಮುಚ್ಚಳ ಮುಚ್ಚದ ಡಬ್ಬಿಯ ಮೇಲೆ ಒಂದು ಹಾಡು, ಬಚ್ಚಲಿನ ದೀಪದ ಮೇಲೆ ಒಂದು, ನನ್ನ ಮೇಲೂ ಒಂದು. "ನಡುವೆ ಕೂತವಳು ಎರಡೂ ಕಡೆ ತಿಂದಳು" ಎಂಬ ಅದರ ಸಾಲನ್ನು ನಾನು ಇನ್ನೂ ಕ್ಷಮಿಸಿಲ್ಲ.

ಪತ್ರಿಕೆಯವನೊಬ್ಬ ಸಂದರ್ಶನಕ್ಕೆ ಬಂದ. ಮೂರು ಕುರ್ಚಿ ಹಾಕಿ ನಾನು ನಡುವೆ ಕೂತೆ.

"ನೀವಿಬ್ರೂ ಹಾಡಿನ ಬಗ್ಗೆ ಹೇಗೆ ಚರ್ಚೆ ಮಾಡ್ತೀರಿ?" ಎಂದು ಕೇಳಿದ.

"ಚರ್ಚೆ ಇಲ್ಲ," ಎಂದಳು ದೊಡ್ಡತ್ತಿಗೆ ನನ್ನ ಕಡೆ ನೋಡಿ.

"ಇಲ್ವೇ ಇಲ್ಲ," ಎಂದಳು ಚಿಕ್ಕತ್ತಿಗೆ, ಅವಳೂ ನನ್ನ ಕಡೆಯೇ ನೋಡಿ.

ಆತ ಪುಳಕಗೊಂಡು "ಮೌನವೇ ಇವರ ವ್ಯಾಕರಣ" ಎಂದು ಒಂದಿಡೀ ಪುಟ ಬರೆದ. ಮೂಗಿಗಿಂತ ಮೂಗುತಿ ಭಾರ. ಆ ಪುಟದ ಕರಡು ನಮ್ಮ ಅಚ್ಚುಕೂಟಕ್ಕೇ ಬಂತು, ತಪ್ಪುಗಳನ್ನು ತಿದ್ದಿದೆ, ಸುಳ್ಳನ್ನು ಹಾಗೇ ಬಿಟ್ಟೆ.

ಐದು ವರ್ಷ ಹೀಗೆ ನಡೆಯಿತು. ಹೊಸ ಸಂಗೀತ ಮಾಡುವವರ ಒಂದು ಸಭೆಯಿಂದ ಕರೆ ಬಂತು, ಒಂದು ಭಾನುವಾರ ಮಧ್ಯಾಹ್ನ ಇಡೀ ನಲವತ್ತು ನಿಮಿಷ ವೇದಿಕೆ ನಿಮ್ಮದು ಎಂದು. ಇಬ್ಬರೂ ಒಟ್ಟಿಗೆ ಒಂದೇ ಕಡೆ ನಿಂತು ಹಾಡಿದವರೇ ಅಲ್ಲ. ಚಿಕ್ಕತ್ತಿಗೆ ಕರೆಯ ಕಾಗದವನ್ನು ಮೈಕಿಗೆ ಅಂಟಿಸಿ ಬಂದಳು. ಬೆಳಿಗ್ಗೆ ಉತ್ತರ ಇತ್ತು: "ವೇದಿಕೆಯ ವಿಷಯ ಗಮನಿಸಲಾಗಿದೆ. ಕುರ್ಚಿಗೆ ಬೆನ್ನು ಇರತಕ್ಕದ್ದು." ಚಿಕ್ಕತ್ತಿಗೆ ಅದನ್ನು ನನಗೆ ನಾಲ್ಕು ಸಲ ಕೇಳಿಸಿದಳು. ಅವಳ ಕಣ್ಣು ಹೊಳೆಯುತ್ತಿತ್ತು.

ಆ ಭಾನುವಾರಕ್ಕೆ ಒಂದು ತಿಂಗಳಿರುವಾಗ ಬಸ್ ನಿಲ್ದಾಣದಲ್ಲಿ ಯಂತ್ರ ಕೂಡಿಸಿದರು. ಇನ್ನು ಮುಂದೆ ಪ್ರಕಟಣೆಯೆಲ್ಲ ಕಂಪ್ಯೂಟರೇ ಹೇಳುತ್ತದಂತೆ. ದೊಡ್ಡತ್ತಿಗೆಯನ್ನು ಕೆಲಸದಿಂದ ತೆಗೆಯಲಿಲ್ಲ, ಕಳೆದುಹೋದ ವಸ್ತುಗಳ ಕೌಂಟರಿಗೆ ಕಳಿಸಿದರು. ಗೂಡಿನ ಹಿಂದಿನ ಕೋಣೆ. ಛತ್ರಿಗಳು, ಒಂಟಿ ಚಪ್ಪಲಿಗಳು, ಊಟದ ಡಬ್ಬಿಗಳು, ಯಾರದೋ ಹೆಲ್ಮೆಟ್ಟು. ಬೆಳಿಗ್ಗೆ ಹತ್ತಕ್ಕೆ ತೆರೆಯುವುದು. ಅವತ್ತು ಮನೆಗೆ ಬಂದು ಚೀಲ ಇಟ್ಟು, ಕೈಕಾಲು ತೊಳೆದು, ತರಕಾರಿ ಹೆಚ್ಚಲು ಕೂತಳು. ನಾನು ಪಕ್ಕದಲ್ಲಿ ಕೂತೆ.

"ಬೇಜಾರಾಯ್ತಾ ಅತ್ತಿಗೆ?"

"ಬೇಜಾರೇನಿದೆ. ಬಸ್ಸಿಗೇ ಬೇಡ ಅಂದ್ಮೇಲೆ ನನ್ ಧ್ವನಿ ಯಾರಿಗೆ ಬೇಕು." ಅಷ್ಟೇ ಹೇಳಿದ್ದು, ಅದೇ ಸಮತಟ್ಟಾದ ಧ್ವನಿಯಲ್ಲಿ. ಆದರೆ ಈರುಳ್ಳಿ ಹೆಚ್ಚುತ್ತಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೈಕಿನಲ್ಲಿ ಏನೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರ ಕಳೆಯಿತು. ಚಿಕ್ಕತ್ತಿಗೆ ಸಂಜೆ ಕೋಣೆಗೆ ಹೋಗಿ ಖಾಲಿ ಸದ್ದನ್ನು ಕೇಳಿ ಹೊರಗೆ ಬರುತ್ತಿದ್ದಳು. ಹಳೇ ಹಾಡುಗಳನ್ನೇ ಆಡಿಸಿದರಾಗದೇ ಎಂದೆ. "ವೇದಿಕೆ ಮೇಲೆ ಡಬ್ಬಿ ಆಡಿಸೋಕೆ ಕರ್ದಿಲ್ಲ ನಮ್ಮನ್ನ," ಎಂದಳು. ದೊಡ್ಡಣ್ಣ ಬುದ್ಧಿವಂತನಂತೆ "ಬೇರೆ ಯಾರನ್ನಾದ್ರೂ ಹಾಡಕ್ಕೆ ಕರ್ಕೊಂಡ್ರಾಯ್ತು" ಎಂದ. ಅವಳು ತಿರುಗಿ ನೋಡಿದ ನೋಟಕ್ಕೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಎದ್ದುಹೋದ.

"ಆ ಧ್ವನಿ ಇಲ್ದಿದ್ರೆ ನಂದು ಬರೀ ಮಿಕ್ಸಿ ಸದ್ದು," ಎಂದಳು ನನಗೆ. "ನಿಲ್ದಾಣಕ್ಕೆ ಹೋಗಿ ಆ ಯಂತ್ರ ಹೇಳೋದನ್ನ ಕೇಳಿ ಬಂದೆ. ಒಂದ್ ವಾಕ್ಯಕ್ಕೂ ಇನ್ನೊಂದಕ್ಕೂ ಮಧ್ಯೆ ಉಸಿರೇ ತಗೊಳಲ್ಲ ಅದು. ಅಕ್ಕ ಉಸಿರು ತಗೋತಾರೆ. ಅದನ್ನ ನಾನು ಹನ್ನೊಂದು ಹಾಡಲ್ಲೂ ಅಳಿಸಿಲ್ಲ."

"ಇದನ್ನ ಅವರಿಗೇ ಹೇಳಬಹುದಲ್ಲ."

"ಮೊದಲು ಮಾತು ಬಿಟ್ಟಿದ್ದು ಯಾರು?"

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು. ನಾನೂ ರಾಜೀನಾಮೆ ವಾಪಸು ತೆಗೆದುಕೊಳ್ಳಲಿಲ್ಲ.

ಆಗ ಚಿಕ್ಕತ್ತಿಗೆ ಒಂದು ಉಪಾಯ ಹೂಡಿದಳು. ದೂರು ಬರಬೇಕಾದರೆ ತಪ್ಪು ಮಾಡಬೇಕು. ಕಂಪ್ಯೂಟರು ಆನ್ ಮಾಡಿಯೇ ಬಿಟ್ಟಳು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಒದ್ದೆ ಟವೆಲ್ಲನ್ನು ಹುಡುಕಿ ಹುಡುಕಿ ದೊಡ್ಡತ್ತಿಗೆಯ ಕುರ್ಚಿಯ ಮೇಲೇ ಹಾಸಿದಳು. ಅಡುಗೆಮನೆಯ ಹದಿನೇಳು ಡಬ್ಬಿಗಳ ಮುಚ್ಚಳ ತೆಗೆದಿಟ್ಟಳು. ಹಗಲು ಹೊತ್ತಿನಲ್ಲಿ ಬಚ್ಚಲಿನ ದೀಪ ಉರಿಸಿದಳು. ಐದು ವರ್ಷ ಇವುಗಳಲ್ಲಿ ಒಂದೊಂದಕ್ಕೂ ಪ್ರಳಯವಾಗುತ್ತಿದ್ದ ಮನೆಯಲ್ಲಿ ದೊಡ್ಡತ್ತಿಗೆ ಸುಮ್ಮನೆ ಬಂದು ದೀಪ ಆರಿಸಿದಳು, ಟವೆಲ್ಲು ಒಣಹಾಕಿದಳು, ಹದಿನೇಳು ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚಿದಳು. ಮುಚ್ಚುವಾಗ ಸದ್ದು ಕೂಡ ಮಾಡಲಿಲ್ಲ. ನೋಡುತ್ತಿದ್ದ ಚಿಕ್ಕತ್ತಿಗೆ ಬಾಗಿಲ ಹಿಂದೆ ನಿಂತು ಅತ್ತುಬಿಟ್ಟಳು. ಬೈಸಿಕೊಳ್ಳಲು ಅಷ್ಟು ಹಂಬಲಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಂಜೆ ಅವಳು ಸ್ಟೂಲಿನ ಮೇಲೆ ನಿಂತು ಗಡಿಯಾರವನ್ನೇ ನೋಡುತ್ತಿದ್ದುದನ್ನು ಕಂಡೆ. ಅದನ್ನು ಮುಟ್ಟಿದ್ದರೆ ಖಂಡಿತ ಬೈಗುಳ ಸಿಗುತ್ತಿತ್ತು. ಸ್ವಲ್ಪ ಹೊತ್ತು ನಿಂತು, ಮುಟ್ಟದೆ ಇಳಿದಳು.

ಭಾನುವಾರಕ್ಕೆ ಹನ್ನೆರಡು ದಿನ ಉಳಿದಿತ್ತು. ಅವಳು ಅಂಗಡಿ ಮುಚ್ಚಿ, ನನ್ನನ್ನು ಅಚ್ಚುಕೂಟದಿಂದ ಎಬ್ಬಿಸಿಕೊಂಡು ಸೀದಾ ಬಸ್ ನಿಲ್ದಾಣಕ್ಕೆ ನಡೆದಳು. ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕಿಟಕಿಯ ಹಿಂದೆ ದೊಡ್ಡತ್ತಿಗೆ ಛತ್ರಿಗಳಿಗೆ ಚೀಟಿ ಕಟ್ಟುತ್ತಿದ್ದಳು. ತಲೆಯೆತ್ತಿ ನಮ್ಮನ್ನು ನೋಡಿ ಗರ ಬಡಿದಂತೆ ಕೂತಳು.

"ಒಂದು ವಸ್ತು ಕಳೆದುಹೋಗಿದೆ. ದೂರು ಬರಿಸ್ಬೇಕು," ಎಂದಳು ಚಿಕ್ಕತ್ತಿಗೆ, ಕಿಟಕಿಯ ಸರಳಿಗೆ ಹೇಳುವವಳಂತೆ.

ನಮ್ಮ ಹಿಂದೆ ಇನ್ನೂ ಇಬ್ಬರು ಸಾಲು ನಿಂತಿದ್ದರು. ಕೌಂಟರಿಗೆ ಬಂದವರನ್ನು ಮಾತಾಡಿಸುವುದಿಲ್ಲ ಎಂದು ಹೇಳಲು ಬರುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ದೊಡ್ಡತ್ತಿಗೆ ಕೆಲಸಕ್ಕೆ ಬೆನ್ನು ತೋರಿಸಿದವಳಲ್ಲ. ಫಾರಮ್ಮು ಎಳೆದುಕೊಂಡಳು.

"ಯಾವ ವಸ್ತು?"

"ಧ್ವನಿ."

ಪೆನ್ನು ನಿಂತಿತು. "ಇದು ಆಫೀಸು. ತಮಾಷೆ ಮಾಡೋ ಜಾಗ ಅಲ್ಲ."

"ನಾನು ತಮಾಷೆ ಮಾಡ್ತಿಲ್ಲ. ಬರ್ಕೊಳ್ಳಿ."

ಹಿಂದಿನವರೊಬ್ಬರು "ಬೇಗ ಬರ್ಕೊಳ್ಳಿ ಮೇಡಂ, ಬಸ್ಸಿದೆ" ಎಂದರು. ಪೆನ್ನು ಮತ್ತೆ ಓಡಿತು.

"ಬಣ್ಣ?"

"ಇಲ್ಲ. ಸಮತಟ್ಟು."

"ಎಲ್ಲಿ ಕಳೆದಿದ್ದು?"

"ಮೆಟ್ಟಿಲ ಕೆಳಗಿನ ಕೋಣೆ. ಇಸ್ತ್ರಿ ಪೆಟ್ಟಿಗೆ ಪಕ್ಕ."

"ಗುರುತು?"

"ವಸ್ತು ಸಿಕ್ದಾಗ ಗುರುತು ಹೇಳ್ತೀನಿ," ಎಂದಳು ಚಿಕ್ಕತ್ತಿಗೆ.

"ಗುರುತು ಹೇಳದೆ ವಸ್ತು ಕೊಡಲ್ಲ. ಸಿಕ್ಕಿದ್ರೆ ತಿಳಿಸ್ತೀವಿ. ಮುಂದಿನವರು," ಎಂದು ದೊಡ್ಡತ್ತಿಗೆ ಚೀಟಿ ಹರಿದು ಕೊಟ್ಟಳು. ಫಾರಮ್ಮನ್ನು ಮಾತ್ರ ಕಡತಕ್ಕೆ ಸೇರಿಸದೆ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು, ನಾನು ಕಂಡೆ.

ಮೊದಲು ಮಾತಾಡಿದವರು ಯಾರು ಎಂಬ ಜಗಳ ಇವತ್ತಿಗೂ ತೀರಿಲ್ಲ. "ನಾನು ಮಾತಾಡಿಲ್ಲ, ಡ್ಯೂಟಿ ಮಾಡ್ದೆ" ಎಂದು ದೊಡ್ಡತ್ತಿಗೆ. "ನಾನೂ ಮಾತಾಡಿಲ್ಲ, ದೂರು ಕೊಟ್ಟೆ" ಎಂದು ಚಿಕ್ಕತ್ತಿಗೆ.

ಹನ್ನೆರಡು ದಿನವೂ ಮೈಕು ಖಾಲಿ. ಭಾನುವಾರ ದೊಡ್ಡತ್ತಿಗೆ ಬೆಳಿಗ್ಗೆಯೇ ಎಲ್ಲಿಗೋ ಹೊರಟುಹೋದಳು, ಎಲ್ಲಿಗೆಂದು ಹೇಳಲಿಲ್ಲ. ನಾವು ಕೀಬೋರ್ಡು, ಕಂಪ್ಯೂಟರು, ತಂತಿಗಳ ಗಂಟು ಎಲ್ಲವನ್ನೂ ಚಿಕ್ಕಣ್ಣನ ಕಲಿಕೆಯ ಕಾರಿನಲ್ಲಿ ತುಂಬಿಕೊಂಡು ಹೋದೆವು. ಸಭಾಂಗಣದಲ್ಲಿ ಇನ್ನೂರು ಕುರ್ಚಿ, ಎಲ್ಲವೂ ತುಂಬಿದ್ದವು. ವೇದಿಕೆಯ ಮೇಲೆ ಬೆನ್ನಿರುವ ಒಂದು ಕುರ್ಚಿಯನ್ನು ಚಿಕ್ಕತ್ತಿಗೆ ತಾನೇ ಹೊತ್ತು ತಂದು, ಮೈಕಿನ ಮುಂದೆ ಇಟ್ಟು, ಎತ್ತರ ಸರಿಮಾಡಿದಳು. ಯಾರೂ ಬರದಿದ್ದರೆ ಏನು ಮಾಡುತ್ತಾಳೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾಲ್ಕು ಗಂಟೆಗೆ ಶುರು ಎಂದಿತ್ತು.

ಮೂರು ಐವತ್ತಕ್ಕೆ ಪಕ್ಕದ ಬಾಗಿಲಿನಿಂದ ದೊಡ್ಡತ್ತಿಗೆ ಬಂದಳು. ಇಸ್ತ್ರಿ ಹಾಕಿದ ಸಮವಸ್ತ್ರ, ಹೆಗಲಲ್ಲಿ ಚೀಲ. ನಿಲ್ದಾಣದ ಗಾಜಿನ ಗೂಡಿಗೆ ಹೋಗುವ ಹಾಗೆಯೇ ನಡೆದು ಬಂದು, ಕುರ್ಚಿಯ ಬೆನ್ನನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಕೂತಳು. ಚಿಕ್ಕತ್ತಿಗೆ ಅವಳ ಮುಖ ನೋಡದೆ ತಾಳ ಶುರುಮಾಡಿದಳು. ಮಿಕ್ಸಿ, ಬೆಸುಗೆಯ ಚುರ್, ಪಕ್ಕದ ಸ್ವರವೂ ಕೂಗುವ ಆ ಕೀಬೋರ್ಡು. ಹಳೆಯ ಹಾಡು ಬರುತ್ತದೆಂದು ಎಲ್ಲರೂ ಕಾದರು. ದೊಡ್ಡತ್ತಿಗೆ ಗಂಟಲು ಸರಿಮಾಡಿಕೊಂಡಳು.

"ಗಮನಕ್ಕೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಳೆದುಹೋಗಿದ್ದ ವಸ್ತುವೊಂದು ಸಿಕ್ಕಿದೆ. ಸಂಬಂಧಪಟ್ಟವರು ಸರಿಯಾದ ಗುರುತು ಹೇಳಿ ತೆಗೆದುಕೊಂಡು ಹೋಗತಕ್ಕದ್ದು."

ಉಸಿರು ತೆಗೆದುಕೊಂಡಳು. ಅದು ಸಭಾಂಗಣಕ್ಕೆಲ್ಲ ಕೇಳಿಸಿತು. ಎರಡನೇ ಸಲ ಹೇಳಿದಳು. ಮೂರನೇ ಸಲ "ಸಂಬಂಧಪಟ್ಟವರು" ಎನ್ನುವಲ್ಲಿ ಅವಳ ಧ್ವನಿ ಏರಿತು. ಗುಲಗಂಜಿಯಷ್ಟೇ, ಆದರೆ ಏರಿತು. ನಿಲ್ದಾಣದವರು ಯಾರಾದರೂ ಅಲ್ಲಿದ್ದಿದ್ದರೆ ಎದ್ದು ನಿಲ್ಲುತ್ತಿದ್ದರು.

ಚಿಕ್ಕತ್ತಿಗೆ ಕೈಚಾಚಿ, ತನ್ನ ಧ್ವನಿಯನ್ನು ಡಬ್ಬದ ಧ್ವನಿ ಮಾಡುವ ಗುಂಡಿಯನ್ನು ಆಫ್ ಮಾಡಿದಳು. ಆಮೇಲೆ ತನ್ನ ಮೈಕಿಗೆ ಬಾಗಿ ನೇರ ಧ್ವನಿಯಲ್ಲಿ ಹೇಳಿದಳು.

"ಹತ್ತು ನಿಮಿಷ ಮುಂದಿರುತ್ತೆ. ಅದೇ ಅದರ ಸರಿಯಾದ ಟೈಮು. ನಾನು ಮುಟ್ಬಾರ್ದಿತ್ತು, ಅಕ್ಕ."

ತಾಳ ಓಡುತ್ತಲೇ ಇತ್ತು. ಇನ್ನೂರು ಜನ ಇದು ಹಾಡಿನ ಸಾಲೆಂದುಕೊಂಡು ತಲೆಯಾಡಿಸುತ್ತಿದ್ದರು. ದೊಡ್ಡತ್ತಿಗೆ ಚೀಲಕ್ಕೆ ಕೈಹಾಕಿ, ಮಡಿಸಿದ ಆ ಫಾರಮ್ಮನ್ನು ತೆಗೆದು, ಖಾಲಿ ಇದ್ದ ಜಾಗದಲ್ಲಿ ಏನೋ ಬರೆದಳು. ಆಮೇಲೆ ಮೈಕಿಗೆ ಹೇಳಿದಳು, "ಗುರುತು ಸರಿಯಿದೆ. ತಗೊಂಡು ಹೋಗು."

ನಾನು ಜೋರಾಗಿ ಅಳುತ್ತಿದ್ದೆ. ಪಕ್ಕದ ಹುಡುಗ "ನಿಮಗೂ ಬ್ರೇಕಪ್ ಆಗಿದ್ಯಾ ಆಂಟಿ" ಎಂದು ಕೇಳಿದ. ಹೌದಪ್ಪ ಎಂದೆ. ವಿವರಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಅದೇ ಹನ್ನೆರಡನೇ ಹಾಡು. ಕಾಲದ ಬಗ್ಗೆ, ಕಳೆದುಹೋಗುವುದರ ಬಗ್ಗೆ ಎಂದು ಅದೇ ಪತ್ರಿಕೆಯವನು ಮತ್ತೊಂದು ಪುಟ ಬರೆದಿದ್ದಾನೆ. ಬರೆದುಕೊಳ್ಳಲಿ. ಮಾತು ಶುರುವಾದರೆ ಹಾಡು ನಿಂತುಹೋಗುತ್ತದೆಂದು ನಾನು ಒಳಗೊಳಗೇ ಹೆದರಿದ್ದೆ, ಸುಮ್ಮನೆ ಹೆದರಿದ್ದೆ. ಈಗ ಇಬ್ಬರೂ ಎದುರೆದುರು ಜಗಳವಾಡುತ್ತಾರೆ, ಅರ್ಧದಲ್ಲಿ ಒಬ್ಬಳು "ತಡಿ, ತಡಿ, ಇದನ್ನ ಮೈಕಲ್ಲಿ ಹೇಳು" ಎನ್ನುತ್ತಾಳೆ, ಇಬ್ಬರೂ ಮೆಟ್ಟಿಲ ಕೆಳಗೆ ಓಡುತ್ತಾರೆ. ಮನೆಯಲ್ಲಿ ಮೊದಲಿನ ನೆಮ್ಮದಿಯಿಲ್ಲ.

ಹೋದ ವಾರ ನಡುಮನೆಯ ಗಡಿಯಾರದ ಬ್ಯಾಟರಿ ಮುಗಿದು ಮುಳ್ಳು ನಿಂತಿತು. ಹತ್ತು ಗಂಟೆಯ ಕೌಂಟರಿಗೆ ಹೋಗುವವಳಿಗೆ ಈಗ ಯಾವ ಅವಸರವೂ ಇಲ್ಲ. ಚಿಕ್ಕತ್ತಿಗೆ ಸ್ಟೂಲು ಹತ್ತಿ, ಹೊಸ ಬ್ಯಾಟರಿ ಹಾಕಿ, ಮುಳ್ಳಿನ ಮೇಲೆ ಬೆರಳಿಟ್ಟು ಅಡುಗೆಮನೆಯ ಕಡೆ ತಿರುಗಿದಳು.

"ಅಕ್ಕ, ಹತ್ತು ನಿಮಿಷಾನಾ?"

"ಹತ್ತೇ," ಎಂದಳು ದೊಡ್ಡತ್ತಿಗೆ ಒಳಗಿನಿಂದ.